ಸುಧನ್ವನ ಹಡಗು

ನಮ್ಮೂರಿನಲ್ಲಿ ಸುಧನ್ವನಿಗೆ ಕಡಲು ತಾಗುತ್ತಿರಲಿಲ್ಲ. ಅವನು ಕಾಲಿಟ್ಟರೆ ನೀರು ಹಿಂದಕ್ಕೆ ಸರಿಯುತ್ತಿತ್ತು, ಇನ್ನೊಂದು ಹೆಜ್ಜೆಯಿಟ್ಟರೆ ಇನ್ನಷ್ಟು. ಬೇರೆಯವರಿಗೆ ಎದೆಮಟ್ಟ ಬರುವಲ್ಲಿಗೂ ಅವನು ಲುಂಗಿ ಎತ್ತಿ ಕಟ್ಟದೆ ನಡೆದು ಹೋಗುತ್ತಿದ್ದ. ಅವನ ಸುತ್ತ ಒಂದು ಅಂಗಳದಷ್ಟು ಜಾಗ ಬರಿಯ ಮರಳು. ಅದರಾಚೆ ನೀರು ಬೇಲಿ ಕಟ್ಟಿದ ಹಾಗೆ ನಿಂತಿರುತ್ತಿತ್ತು.

ಇಳಿತದ ಹೊತ್ತಿಗೆ ಚಿಪ್ಪು ಆರಿಸುವ ಹೆಂಗಸರು ಅವನ ಮನೆಯ ಬಾಗಿಲಿಗೆ ಬರುತ್ತಿದ್ದರು. "ಭಾಗೀರಥಕ್ಕಾ, ಮಗನನ್ನು ಒಂಚೂರು ಕಳಿಸಿ ಮಾರಾಯ್ರೆ, ಬುಟ್ಟಿ ತುಂಬಿದ ಕೂಡ್ಲೇ ಬಿಡ್ತೇವೆ" ಎಂದು ಕೇಳುತ್ತಿದ್ದರು. ಅವನು ಹೋಗಿ ನಡುವೆ ನಿಲ್ಲುತ್ತಿದ್ದ. ಅವರು ಸುತ್ತ ಕೂತು ಮರಳು ಕೆದರುತ್ತಿದ್ದರು. ಬಿಸಿಲು ಜೋರಾದರೆ ಅವರಲ್ಲೊಬ್ಬಳು ಎದ್ದು ಅವನಿಗೆ ಕೊಡೆ ಹಿಡಿಯುತ್ತಿದ್ದಳು. ನೀರಿಗೆ ಬಿದ್ದ ಮೂಗುತಿ, ಮಕ್ಕಳ ಚೆಂಡು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲಕ್ಕೂ ಅವನೇ ಹೋಗಬೇಕು. ಮೀನುಗಾರರು ಮಾತ್ರ ಅವನನ್ನು ದೋಣಿಗೆ ಹತ್ತಿಸುತ್ತಿರಲಿಲ್ಲ. ಒಮ್ಮೆ ತಮಾಷೆಗೆ ಹತ್ತಿಸಿಕೊಂಡು ಹೋಗಿದ್ದರು. ದೋಣಿ ಮರಳಿನ ಮೇಲೆ ಕೂತುಬಿಟ್ಟಿತು. ಅವನು ಇಳಿದು ದಡಕ್ಕೆ ನಡೆದು ಬಂದ ಮೇಲೆಯೇ ಅದು ಮತ್ತೆ ತೇಲಿದ್ದು.

ಊರಿನ ಗುಡ್ಡದ ಮೇಲೆ ನೌಕಾಪಡೆಯ ಯೋಜನಾ ಕಚೇರಿ ಇದೆ. ಮುಂದಿನ ಮೂವತ್ತು ವರ್ಷಗಳಲ್ಲಿ ಯಾವ ಯಾವ ಹಡಗು ಕಟ್ಟಬೇಕೆಂದು ಬರೆಯುವುದು ಅಲ್ಲಿಯೇ. ಹೊಸ ಹಡಗಿನ ಹೆಸರು ಯೋಜನೆಯಲ್ಲಿ ಬಿದ್ದ ಕೂಡಲೇ ಆ ಹೆಸರನ್ನು ಊರಿನಲ್ಲಿ ಆಗಷ್ಟೇ ಹುಟ್ಟಿದ ಒಂದು ಮಗುವಿಗೆ ಇಡುತ್ತಿದ್ದರು. ಆ ಹಡಗು ನೀರಿಗಿಳಿಯುವ ದಿನದವರೆಗೆ ಆ ಮಗುವಿಗೆ ಕಡಲು ತಾಗುತ್ತಿರಲಿಲ್ಲ. ಇಳಿಯುವ ದಿನ ಹೆಸರಿನವರು ಹೋಗಿ ಹಡಗಿನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಹಡಗು ಜಾರಿ ನೀರಿಗೆ ಬಿದ್ದಾಗ ಏಳುವ ತೆರೆ ಅವರನ್ನು ತಲೆಯಿಂದ ಕಾಲಿನವರೆಗೆ ತೋಯಿಸಿಬಿಡುತ್ತಿತ್ತು. ಅಂದಿನಿಂದ ಅವರು ಎಲ್ಲರ ಹಾಗೆ. ಮದುವೆ ಕೂಡ ಅದಾದ ಮೇಲೆಯೇ. ಕಡಲು ಮುಟ್ಟದವರನ್ನು ಮನುಷ್ಯರು ಕಟ್ಟಿಕೊಳ್ಳಬಾರದೆಂದು ಹಿಂದಿನವರು ಹೇಳಿದ್ದರು, ನಾವು ನಡೆಸಿಕೊಂಡು ಬಂದಿದ್ದೆವು. ಚಂದ್ರಹಾಸ ಎಂಬವನ ಹಡಗು ಅವನಿಗೆ ಮೀಸೆ ಬರುವುದರೊಳಗೇ ಇಳಿಯಿತು. ಅವನೀಗ ಮೂರು ಮಕ್ಕಳ ತಂದೆ, ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟಿದ್ದಾನೆ.

ಸುಧನ್ವನ ಹಡಗು ಮಾತ್ರ ಇಳಿಯಲಿಲ್ಲ. ಅದೊಂದು ಗಸ್ತು ಹಡಗು. ಹಿಂಬದಿಯಲ್ಲಿ ಹೆಲಿಕಾಪ್ಟರ್ ಇಳಿಯುವ ಜಗಲಿ, ನೂರಾರು ಮಂದಿಗೆ ಹಾಸಿಗೆ. ಯೋಜನೆ ಪರಿಷ್ಕರಣೆಯಾದಾಗಲೆಲ್ಲ ಅದನ್ನು ಮುಂದಿನ ಅವಧಿಗೆ ತಳ್ಳುತ್ತಿದ್ದರು. ಒಮ್ಮೆ ಉಕ್ಕು ಸಾಲದು, ಇನ್ನೊಮ್ಮೆ ಸಬ್‌ಮರೀನು ಮೊದಲಾಗಲಿ, ಮತ್ತೊಮ್ಮೆ ಹಡಗುಕಟ್ಟೆಯಲ್ಲಿ ಜಾಗವಿಲ್ಲ. ಅವನು ಮಂಜುಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅವನ ಜೊತೆಯವರೆಲ್ಲ ಸಂಸಾರವಂದಿಗರಾದರು. ಅವನು ಕಾದ, ನಾನೂ ಕಾದೆ.

ನನ್ನ ಹೆಸರು ನಾಗವೇಣಿ. ನಾನು ಹುಟ್ಟಿದ ವರ್ಷ ಯೋಜನೆಯಲ್ಲಿ ಹೊಸ ಹೆಸರೇನೂ ಬೀಳಲಿಲ್ಲ, ಹಾಗಾಗಿ ಅಜ್ಜಿಯ ಹೆಸರಿಟ್ಟರು. ಸುಧನ್ವನೂ ನಾನೂ ಒಂದೇ ಶಾಲೆ. ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲ ಅಳಿವೆಯ ಬಾಯಲ್ಲಿ, ಹೊಳೆ ಕಡಲಿಗೆ ಸೇರುವ ಆ ಮರಳುದಿಣ್ಣೆಯ ಹತ್ತಿರ, ಮೀನು ಹಿಡಿಯುವ ಅಂತೋನ್ ಮಾಮನ ದೋಣಿ ಮಗುಚಿತು. ಸುಧನ್ವ ಸಮವಸ್ತ್ರದಲ್ಲೇ ಓಡಿದ. ಮನೆಯೆತ್ತರದ ತೆರೆಗಳು ಅವನಿಗೆ ದಾರಿ ಬಿಟ್ಟವು. ಅಂತೋನ್ ಮಾಮನನ್ನೂ ಇನ್ನೊಬ್ಬನನ್ನೂ ಕೈಹಿಡಿದು ನಡೆಸಿಕೊಂಡು ಬಂದ, ಕುರುಡರನ್ನು ರಸ್ತೆ ದಾಟಿಸಿದ ಹಾಗೆ. ಅವರಿಬ್ಬರೂ ಹನಿ ಹನಿ ಸುರಿಸುತ್ತಿದ್ದರು, ಇವನ ಬಿಳಿ ಅಂಗಿಗೆ ಮಳೆಯದ್ದು ಬಿಟ್ಟರೆ ಒಂದು ಹನಿ ಉಪ್ಪುನೀರಿಲ್ಲ. ನನ್ನ ಮನಸ್ಸು ಅವನ ಕಡೆ ಹೋದದ್ದು ಆ ದಿನ.

ನನ್ನ ಅಪ್ಪ ಗಸ್ತು ಹಡಗೊಂದರ ಇಂಜಿನ್ ಕೋಣೆಯಲ್ಲಿದ್ದವರು. ನಾನು ಕಾಲೇಜಿನಲ್ಲಿದ್ದಾಗ, ಕಾಣೆಯಾದ ಒಂದು ಮೀನಿನ ದೋಣಿಯನ್ನು ಹುಡುಕಲು ಗಾಳಿಮಳೆಯಲ್ಲಿ ಅವರ ಹಡಗು ಹೋಯಿತು. ಹಡಗು ಹಿಂದಿರುಗಲಿಲ್ಲ. ಆ ದೋಣಿಯವರು ಆಗಲೇ ಬೇರೊಂದು ಬಂದರಿನಲ್ಲಿ ದಡ ಸೇರಿ, ಊಟ ಮಾಡಿ ಮಲಗಿದ್ದರಂತೆ. ಈ ಸಂಗತಿಯನ್ನು ನಾನು ಯಾರ ಮುಂದೆಯೂ ಹೆಚ್ಚು ಆಡಿದವಳಲ್ಲ. ಓದು ಮುಗಿಸಿ ಯೋಜನಾ ಕಚೇರಿ ಸೇರಿದ್ದು ಮಾತ್ರ ಅದೇ ಕಾರಣಕ್ಕೆ.

ಕಚೇರಿಯ ನಡುಕೋಣೆಯಲ್ಲಿ ಉದ್ದನೆಯ ಮೇಜಿತ್ತು. ಅದರ ಮೇಲೆ ನೀಲಿ ಬಟ್ಟೆ ಹಾಸಿ, ಮರದ ಪುಟ್ಟ ಹಡಗುಗಳನ್ನು ಜೋಡಿಸಿಟ್ಟಿದ್ದರು. ಇದ್ದವಕ್ಕೆ ಬೂದು ಬಣ್ಣ, ಬರಬೇಕಾದವಕ್ಕೆ ಬಣ್ಣವಿಲ್ಲ. ನಮ್ಮ ಮುಖ್ಯಸ್ಥರು ಕ್ಯಾಪ್ಟನ್ ರಾಜೀವಲೋಚನ ಎಂಬವರು, ನಿವೃತ್ತಿಗೆ ಹತ್ತಿರವಿದ್ದವರು. ಮಾತು ಕಡಿಮೆ. ಯೋಚನೆ ಬಂದಾಗ ಒಂದು ಮರದ ಹಡಗನ್ನು ಎತ್ತಿ ಅದರ ತಳವನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು.

ಆ ಸಲದ ಪರಿಷ್ಕರಣೆ ದೊಡ್ಡದಾಗಿತ್ತು. ಹಳೆಯ ಗಸ್ತು ಹಡಗುಗಳು ತುಕ್ಕು ಹಿಡಿದಿದ್ದವು, ಹೊಸದಾಗಿ ನೌಕಾಪಡೆ ಸೇರುವವರೂ ಕಡಿಮೆ. ನಮ್ಮ ಕಡಲು ನೋಡಿದರೆ ಅಷ್ಟುದ್ದ. ಒಂದು ಹಡಗು ಕಾವಲಿಗೆ ಹೋಗಬೇಕೆಂದರೆ ಇನ್ನೊಂದು ವಾಪಸು ಬರುತ್ತಿರಬೇಕು, ಮತ್ತೊಂದು ರಿಪೇರಿಯಲ್ಲಿರಬೇಕು. ಅಂದರೆ ಮೂರು ಕಟ್ಟಿದರೂ ಕಡಲಲ್ಲಿ ಇರುವುದು ಒಂದೇ. ನಾನು ವಾರಗಟ್ಟಲೆ ಕೂತು ಲೆಕ್ಕ ಹಾಕಿ ಹೊಸ ಕ್ರಮವೊಂದನ್ನು ಮುಂದಿಟ್ಟೆ. ದೂರದ ಕಡಲನ್ನು ನೋಡುವುದಕ್ಕೆ ಡ್ರೋನ್‌ಗಳು. ಅವುಗಳ ಹಿಂದೆ ಮನುಷ್ಯರಿರುವ ಗಸ್ತು ವಿಮಾನಗಳು, ನೀರಿಗೆ ಬಿದ್ದವರಿಗೆ ತೆಪ್ಪ ಉದುರಿಸುವುದಕ್ಕೆ. ದಡದ ಹತ್ತಿರಕ್ಕೆ ಮನುಷ್ಯರಿಲ್ಲದೆ ಓಡುವ ಸಣ್ಣ ದೋಣಿಗಳು. ದೊಡ್ಡ ಯುದ್ಧನೌಕೆಗಳು ಇದ್ದ ಹಾಗೆಯೇ ಇರುತ್ತವೆ. ಗಸ್ತು ಹಡಗು ಇನ್ನು ಬೇಡ.

ಕ್ಯಾಪ್ಟನ್ ಎಲ್ಲ ಓದಿ, ಬಣ್ಣವಿಲ್ಲದ ಒಂದು ಹಡಗನ್ನು ಕೈಗೆತ್ತಿಕೊಂಡರು.

"ಇದು ಯಾವುದು ಅಂತ ಗೊತ್ತುಂಟಲ್ಲ, ನಾಗವೇಣಿ?"

"ಗೊತ್ತುಂಟು ಸರ್."

"ಊರಲ್ಲಿ ಏನು ಹೇಳ್ತಾರೆ ಅಂತಲೂ ಗೊತ್ತುಂಟಾ?"

"ಹೆಸರು ಯೋಜನೆಯಿಂದ ಹೋದ್ರೆ ಅವನಿಗೆ ಕಡಲು ತಾಗ್ತದೆ, ಮದುವೆಗೆ ಅವಸರ ಆಯ್ತು ಅವಳಿಗೆ ಅಂತಾರೆ. ಹೇಳ್ಲಿ ಸರ್. ನೋಡುವ ಕೆಲಸಕ್ಕೆ ಮನುಷ್ಯರು ಹೋಗಿ ಯಾಕೆ ಸಾಯ್ಬೇಕು? ನನ್ನ ಲೆಕ್ಕದಲ್ಲಿ ತಪ್ಪಿದ್ರೆ ತೋರಿಸಿ, ಈಗಲೇ ಹರಿದು ಹಾಕ್ತೇನೆ."

ಅವರು ಹಡಗಿನ ತಳ ಸವರಿ ಅದನ್ನು ಮೇಜಿನ ಮೇಲೆ ಇಟ್ಟರು. "ತಪ್ಪಿಲ್ಲ" ಎಂದರು ಕೊನೆಗೆ. "ತಪ್ಪಿದ್ದಿದ್ರೆ ಒಳ್ಳೇದಿತ್ತು."

ಮರುದಿನ ಮಧ್ಯಾಹ್ನ ನಾನು ಮಂಜುಗಡ್ಡೆ ಕಾರ್ಖಾನೆಗೆ ಹೋದೆ. ಸುಧನ್ವ ಹೊಗೆಯಾಡುವ ಗಡ್ಡೆಗಳನ್ನು ಕೊಕ್ಕೆಯಲ್ಲಿ ಎಳೆದು ಲಾರಿಗೆ ತುಂಬಿಸುತ್ತಿದ್ದ. ತಲೆಗೆ ಗೋಣಿ ಕಟ್ಟಿಕೊಂಡಿದ್ದ. ನನ್ನನ್ನು ಕಂಡು ಹೊರಗೆ ಬಂದ. ಯೋಜನೆಗೆ ಒಪ್ಪಿಗೆ ಕೊಡುವ ಸಭೆಗೆ ಹೋಗುವ ಮೊದಲು ಅವನಿಗೆ ತಿಳಿಸಲೇಬೇಕಿತ್ತು. ಎಲ್ಲವನ್ನೂ ಹೇಳಿದೆ, ಯಾವುದನ್ನೂ ಸಿಹಿ ಮಾಡಲಿಲ್ಲ.

"ಹಾಗಾದ್ರೆ ನನ್ನದು ಬರುದಿಲ್ಲ" ಎಂದ.

"ಬರುದಿಲ್ಲ. ಈಗ ಅಂತಲ್ಲ, ಯಾವತ್ತೂ ಇಲ್ಲ."

"ಡ್ರೋನಿಗೆ ಹೆಸರು ಇಡ್ತೀರಾ?"

"ಇಲ್ಲ. ಬರೀ ನಂಬರು."

ಅವನು ಗೋಣಿಯನ್ನು ಬಿಚ್ಚಿ ಕೊಡವಿದ. ಕೈಗಳು ಚಳಿಗೆ ಕೆಂಪಾಗಿದ್ದವು. "ನೀನು ಬೇಡ ಅಂದ್ರೆ ನಾನು ಈ ಕಾಗದ ಸಭೆಗೆ ತಗೊಂಡು ಹೋಗುದಿಲ್ಲ" ಎಂದೆ. ಅದು ನಿಜವಾದ ಮಾತೇ ಆಗಿತ್ತು.

"ಹುಚ್ಚಾ ನಿಂಗೆ?" ಎಂದ. "ನಾಳೆ ಯಾರದ್ದೋ ಅಪ್ಪ ಮುಳುಗಿದ್ರೆ ಏನು ಹೇಳುದು? ಸುಧನ್ವನ ಹಡಗು ಉಳೀಬೇಕಿತ್ತು ಅಂತ ಹೇಳ್ಲಿಕ್ಕೆ ಆಗ್ತದಾ? ಕೆಲಸ ಮಾಡುವಾಗ ನನ್ನನ್ನು ನೋಡ್ಬೇಡ ನಾಗು. ಕಡಲನ್ನು ನೋಡು." ಆಮೇಲೆ ಸ್ವಲ್ಪ ನಕ್ಕ. "ಮತ್ತೆ, ನಂಗೂ ವಯಸ್ಸಾಯ್ತು. ಎಷ್ಟು ವರ್ಷ ಅಂತ ನಿನ್ನನ್ನು ದೂರದಿಂದ ನೋಡುದು?"

ಸಭೆ ಮುಗಿದದ್ದು ಒಂದು ಸಂಜೆ. ಯೋಜನೆಗೆ ಒಪ್ಪಿಗೆ ಬಿತ್ತು. ಗಸ್ತು ಹಡಗುಗಳ ಪುಟವನ್ನು ತೆಗೆದುಹಾಕಿದರು. ನಾನು ಗುಡ್ಡ ಇಳಿದು ಓಡುತ್ತಲೇ ದಡಕ್ಕೆ ಬಂದಾಗ ಅಲ್ಲಿ ಆಗಲೇ ಹತ್ತಾರು ಮಂದಿ ಸೇರಿದ್ದರು. ಸುಧನ್ವ ನೀರಿನ ಅಂಚಿನಲ್ಲಿ ನಿಂತಿದ್ದ. ಒಂದು ತೆರೆ ಬಂತು, ಸಣ್ಣ ತೆರೆ, ಮಕ್ಕಳು ಕಾಲಾಡಿಸುವಂಥದ್ದು. ಸರಿಯಲಿಲ್ಲ. ಅವನ ಪಾದದ ಮೇಲೆ ಹಾದು ಹಿಮ್ಮಡಿ ಸುತ್ತಿ ಹಿಂದೆ ಹೋಯಿತು.

ಯಾರೋ ಚಪ್ಪಾಳೆ ತಟ್ಟಿದರು. ಚಿಪ್ಪು ಆರಿಸುವ ಹೆಂಗಸರು ಖಾಲಿ ಬುಟ್ಟಿಗಳನ್ನು ಸೊಂಟಕ್ಕೇರಿಸಿಕೊಂಡರು. ಸುಧನ್ವ ಬಗ್ಗಿ ತನ್ನ ಕಾಲನ್ನು ನೋಡಿಕೊಂಡ. ಇನ್ನೊಂದು ತೆರೆ ಬಂತು. ಅವನು ಬೆಚ್ಚಿ ಹಿಂದೆ ಸರಿದ, ಕಾಲಿಗೆ ಹಾವು ತಾಗಿದವನ ಹಾಗೆ. ಮರಳಲ್ಲಿ ಕೂತುಬಿಟ್ಟ. ನಾನು ಸಂತೋಷದಿಂದ ಹೋಗಿ ಅವನ ಭುಜ ಹಿಡಿದೆ.

"ತಣ್ಣಗುಂಟು" ಎಂದ ಅವನು. "ಇಷ್ಟು ತಣ್ಣಗಿರ್ತದೆ ಅಂತ ಯಾರೂ ಹೇಳ್ಲಿಲ್ಲ." ಮಂಜುಗಡ್ಡೆಯ ಜೊತೆ ದಿನವಿಡೀ ಇರುವವನು ಈ ಮಾತು ಹೇಳುತ್ತಾನಲ್ಲ ಎಂದು ನಗು ಬಂತು. ಮುಖ ನೋಡಿದೆ, ಅಳುತ್ತಿದ್ದ.

ಅವನ ತಾಯಿ ಭಾಗೀರಥಕ್ಕ ಒಂದು ಟವೆಲ್ ಹಿಡಿದು ಬಂದಿದ್ದರು. ಯಾರೋ ಹೇಳಿ ಕಳಿಸಿದ್ದಿರಬೇಕು. ಹತ್ತಿರ ಬಂದವರು ಟವೆಲ್ಲನ್ನು ಏನು ಮಾಡುವುದೆಂದು ತಿಳಿಯದೆ ನಿಂತರು. "ಕಡಲಿಗೆ ಇಳಿದು ಒದ್ದೆಯಾಗ್ಬೇಡ, ಬಟ್ಟೆ ಬದಲಾಯಿಸು ಅಂತ ಇವನಿಗೆ ಒಂದು ದಿನ ಹೇಳಿದವಳಲ್ಲ ನಾನು" ಎಂದರು, ನನಗೋ ತಮಗೋ. ಆಮೇಲೆ ಕೂತು ಅವನ ಪಾದಗಳನ್ನು ಒರೆಸಿದರು.

ಮದುವೆ ಮುಂದಿನ ತಿಂಗಳಲ್ಲೇ ಆಯಿತು. ಊರವರು ಬಂದರು, ಉಂಡರು, ಆಡುವುದನ್ನು ಆಡಿದರು. ಚಂದ್ರಹಾಸನ ಬೇಕರಿಯಿಂದ ದೊಡ್ಡ ಕೇಕು ಬಂತು, ಅದರ ಮೇಲೆ ಸಕ್ಕರೆಯಲ್ಲಿ ಹಡಗು ಮಾಡಿದ್ದರು. ಭಾಗೀರಥಕ್ಕ ಅದನ್ನು ಒಳಗೆ ಕೊಂಡುಹೋಗಿ ಹಡಗನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ತಂದರು. ಡ್ರೋನ್‌ಗಳು ಬಂದ ದಿನ ಎಳೆಗೂಸನ್ನು ಎತ್ತಿಕೊಂಡು ಒಬ್ಬ ಅಪ್ಪ ಗುಡ್ಡ ಹತ್ತಿ ಬಂದಿದ್ದ. "ನಂಬರಾದ್ರೂ ಕೊಡಿ ಮೇಡಂ, ಇಟ್ಟುಕೊಳ್ತೇವೆ" ಎಂದು ಬೇಡಿಕೊಂಡ. ಕೊಟ್ಟರೂ ಕಡಲು ಒಪ್ಪಲಿಕ್ಕಿಲ್ಲವೆಂದು ಹೇಳಿ ಕಳಿಸಿದೆ. ಅವನು ಆ ಮಗುವಿಗೆ ಏನು ಹೆಸರಿಟ್ಟನೋ ವಿಚಾರಿಸಲಿಲ್ಲ.

ಡ್ರೋನ್‌ಗಳು ಚೆನ್ನಾಗಿ ಕೆಲಸ ಮಾಡಿದವು. ಅದನ್ನು ನಾನು ಹೇಳಲೇಬೇಕು. ಮೊದಲ ಮಳೆಗಾಲದಲ್ಲೇ ದಾರಿ ತಪ್ಪಿದ ದೋಣಿಗಳನ್ನು ಅರ್ಧ ದಿನದೊಳಗೆ ಹುಡುಕಿದವು. ಎಣ್ಣೆ ಚೆಲ್ಲಿ ಓಡಿಹೋಗುತ್ತಿದ್ದ ಹಡಗನ್ನು ಹಿಡಿದುಕೊಟ್ಟವು. ಗಸ್ತು ವಿಮಾನದವರು ಉದುರಿಸಿದ ತೆಪ್ಪ ಹಿಡಿದು ಬದುಕಿ ಬಂದವರು ಕಚೇರಿಗೆ ಬಂದು ಬಾಳೆಗೊನೆ ಇಟ್ಟು ಹೋದರು. ನಮ್ಮವರು ಒಬ್ಬರೂ ಸಾಯಲಿಲ್ಲ. ಪ್ರತಿ ಸಂಜೆ ಮನೆಗೆ ಬಂದು ನಾನು ಇದನ್ನೆಲ್ಲ ಸುಧನ್ವನಿಗೆ ಹೇಳುತ್ತಿದ್ದೆ. ಅವನು ಗಮನವಿಟ್ಟು ಕೇಳುತ್ತಿದ್ದ, "ಒಳ್ಳೇದಾಯ್ತು" ಎನ್ನುತ್ತಿದ್ದ. ಮನಸಾರೆ ಎನ್ನುತ್ತಿದ್ದ.

ಒಳ್ಳೆಯ ಗಂಡ. ಮೀನು ಹೆಚ್ಚಿ ಕೊಡುತ್ತಿದ್ದ, ನನ್ನ ತಲೆನೋವಿಗೆ ಹಣೆ ತಿಕ್ಕುತ್ತಿದ್ದ, ಭಾಗೀರಥಕ್ಕನೂ ನಾನೂ ಜಗಳವಾಡಿದರೆ ಇಬ್ಬರನ್ನೂ ನಗಿಸುತ್ತಿದ್ದ. ಆದರೆ ಚಿಪ್ಪಿನ ಹೆಂಗಸರು ಬಾಗಿಲಿಗೆ ಬರುವುದು ನಿಂತಿತ್ತು. ಬೀದಿಯಲ್ಲಿ ಅವನನ್ನು ನಿಲ್ಲಿಸಿ ಮಾತಾಡುವವರು ಕಡಿಮೆಯಾದರು. ಬೇಕೆಂದು ಅಲ್ಲ, ಕೇಳುವುದಕ್ಕೆ ಏನೂ ಇರಲಿಲ್ಲ ಅಷ್ಟೆ. ರಜೆಯ ದಿನ ಅವನು ದಡಕ್ಕೆ ಹೋಗಿ, ನೀರಿನಿಂದ ದೂರ, ಒಣ ಮರಳಿನಲ್ಲಿ ಕೂತು ಬರುತ್ತಿದ್ದ.

"ಈಜು ಕಲಿ" ಎಂದು ನಾನು ಹೇಳುತ್ತಲೇ ಇದ್ದೆ. "ಕಡಲೂರಲ್ಲಿ ಇದ್ದು ಈಜು ಬಾರದಿದ್ರೆ ಹೇಗೆ? ಅಂತೋನ್ ಮಾಮನೇ ಕಲಿಸ್ತಾರಂತೆ."

"ಅದು ನನ್ನನ್ನು ಕಂಡು ಎದ್ದು ನಿಲ್ತಿತ್ತು ನಾಗು" ಎಂದ ಒಮ್ಮೆ. "ಈಗ ಹೋಗಿ ಅದರ ಮೇಲೆ ಕೈಕಾಲು ಬಡಿಯುದಾ? ನಾಚಿಕೆ ಆಗ್ತದೆ." ಅದಾದ ಮೇಲೆ ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಈಗ ಎಷ್ಟೋ ಅನ್ನಿಸುತ್ತದೆ.

ನಮ್ಮ ಮದುವೆಯ ಮೂರನೇ ಮಳೆಗಾಲ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ದೂರದ ಗಸ್ತು ಮುಗಿಸಿ ವಾಪಸಾಗುತ್ತಿದ್ದ ಡ್ರೋನಿನ ಚಿತ್ರದಲ್ಲಿ ಅಳಿವೆ ಕಾಣುತ್ತಿತ್ತು, ನೊರೆಯೆಲ್ಲ ಬೆಳ್ಳಗೆ ಕುದಿಯುತ್ತಿತ್ತು. ಅದರ ನಡುವೆ ಮಗುಚಿದ ಒಂದು ದೋಣಿ, ಅದಕ್ಕೆ ಅಂಟಿಕೊಂಡ ಮೂವರು. ಚಿತ್ರವನ್ನು ಹತ್ತಿರ ತಂದಾಗ ಮುಖಗಳು ಕಂಡವು. ಅಂತೋನ್ ಮಾಮ, ಅವರ ಅಳಿಯ, ಇನ್ನೊಬ್ಬ ಕೂಲಿಯವನು. ಅಂತೋನ್ ಮಾಮನ ಹಣೆಯಲ್ಲಿ ರಕ್ತ ಹರಿಯುವುದೂ ಕಾಣಿಸುತ್ತಿತ್ತು. ಅಷ್ಟು ಸ್ಪಷ್ಟ.

ಎಲ್ಲರೂ ಕಲಿತ ಹಾಗೆ ಕೆಲಸ ಮಾಡಿದರು. ಗಸ್ತು ವಿಮಾನಕ್ಕೆ ಸುದ್ದಿ ಹೋಯಿತು, ಅದು ಆಗಲೇ ಹಾರಾಟದಲ್ಲಿತ್ತು. ಸಣ್ಣ ದೋಣಿಗಳನ್ನು ಬಿಟ್ಟರು. ಅವು ಅಳಿವೆಯ ತೆರೆಗೆ ತಾಳದೆ ಹಿಂದೆ ತಳ್ಳಲ್ಪಟ್ಟವು. ವಿಮಾನ ಬರುವವರೆಗೆ ನೋಡುತ್ತಿರುವುದಷ್ಟೇ ನಮಗೆ ಉಳಿದಿತ್ತು. ಆಗ ಪರದೆಯ ಮೂಲೆಯಲ್ಲಿ ದಡದ ಕಡೆಯಿಂದ ಒಬ್ಬ ಓಡಿ ಬರುವುದು ಕಾಣಿಸಿತು. ತಲೆಯಲ್ಲಿ ಗೋಣಿ ಕಟ್ಟಿದ್ದ.

ಮುಖ ಕಾಣುವುದು ಬೇಕಿರಲಿಲ್ಲ. ನೀರಿಗೆ ಇಳಿಯುವವರು ಓಡುವ ರೀತಿಯೇ ಬೇರೆ. ಅಂಚಿಗೆ ಬಂದಾಗ ಮೈ ತಾನಾಗಿ ಬಗ್ಗುತ್ತದೆ, ಕೈ ಮುಂದಾಗುತ್ತದೆ. ಅವನು ನೆಟ್ಟಗೆ ಓಡಿದ, ಬಸ್ಸು ಹಿಡಿಯಲು ಓಡುವವನ ಹಾಗೆ. ಮರೆತಿದ್ದನೋ, ಕಡಲು ಮರೆತಿರಲಾರದು ಎಂದು ನಂಬಿದ್ದನೋ, ನನಗೆ ಗೊತ್ತಿಲ್ಲ. ಮೊದಲ ತೆರೆ ಮೊಣಕಾಲಿಗೆ ಬಡಿಯಿತು. ನಿಲ್ಲಲಿಲ್ಲ. ಎರಡನೆಯದು ಎದೆಗೆ. ಅವನು ಒಂದು ಕೈಯನ್ನು ಮುಂದೆ ಚಾಚಿದ, ಬಾಗಿಲು ತಳ್ಳಿದ ಹಾಗೆ. ಮೂರನೆಯದರ ನಂತರ ಗೋಣಿ ಮಾತ್ರ ತೇಲುತ್ತಿತ್ತು.

ನಾನು ಕೂಗಿದೆನಂತೆ. ಡ್ರೋನ್ ಓಡಿಸುತ್ತಿದ್ದವನು ಅದನ್ನು ಆ ಜಾಗದ ಮೇಲೆಯೇ ಸುತ್ತಿಸಿದ, ಮತ್ತೆ ಮತ್ತೆ ಸುತ್ತಿಸಿದ. ಏನೂ ಕಾಣಲಿಲ್ಲ. ಅಷ್ಟರಲ್ಲಿ ವಿಮಾನ ಬಂತು. ಮೊದಲು ಉದುರಿಸಿದ ತೆಪ್ಪವನ್ನು ಗಾಳಿ ಎಳೆದುಕೊಂಡು ಹೋಯಿತು. ಎರಡನೆಯದು ದೋಣಿಯ ಹತ್ತಿರವೇ ಬಿತ್ತು. ಮೂವರೂ ಅದನ್ನು ಹಿಡಿದರು, ಮರಳುದಿಣ್ಣೆಗೆ ತೇಲಿ ಬಂದರು, ಬದುಕಿದರು. ನಾನು ಬರೆದ ಯೋಜನೆ ಬರೆದ ಹಾಗೆಯೇ ನಡೆಯಿತು. ಸುಧನ್ವ ಮನೆಯಲ್ಲಿ ಕೂತಿದ್ದರೂ ಅವರು ಬದುಕುತ್ತಿದ್ದರು.

ಸಂಜೆಯ ಇಳಿತದಲ್ಲಿ ಅವನು ಸಿಕ್ಕಿದ. ಚಿಪ್ಪು ಆರಿಸುವ ಹೆಂಗಸರೇ ಹೊತ್ತು ತಂದರು.

ಕೆಲವು ದಿನಗಳಾದ ಮೇಲೆ ಕ್ಯಾಪ್ಟನ್ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. "ಗಸ್ತು ಹಡಗು ಇದ್ದಿದ್ರೂ ಅಳಿವೆಯೊಳಗೆ ಬರ್ಲಿಕ್ಕೆ ಆಗ್ತಿರ್ಲಿಲ್ಲಮ್ಮ" ಎಂದರು. "ತಳ ಕೂರ್ತಿತ್ತು. ನೀನು ಹಾಗೆ ಯೋಚನೆ ಮಾಡ್ಬೇಡ."

"ಗೊತ್ತುಂಟು ಸರ್" ಎಂದೆ. ನಿಜಕ್ಕೂ ನಾನು ಹಡಗಿನ ಬಗ್ಗೆ ಯೋಚಿಸುತ್ತಿರಲಿಲ್ಲ. ಆ ಪುಟವನ್ನು ತೆಗೆಯದೆ ಬಿಡಬಹುದಿತ್ತು ಎಂದು ಯೋಚಿಸುತ್ತಿದ್ದೆ. ಕಟ್ಟುವುದು ಬೇಡ. ಡ್ರೋನ್ ಬರಲಿ, ವಿಮಾನ ಬರಲಿ, ಎಲ್ಲ ಇರಲಿ. ಕೊನೆಯಲ್ಲೆಲ್ಲೋ ಒಂದು ಸಾಲಿನಲ್ಲಿ ಸುಧನ್ವ ಎಂಬ ಹೆಸರು, 'ಮುಂದಿನ ಅವಧಿಗೆ' ಎಂಬ ಮಾತು, ಅಷ್ಟು ಉಳಿಸಿದ್ದರೆ? ಅವನ ಜೀವಮಾನವೆಲ್ಲ ಆ ಸಾಲಿನಿಂದಲೇ ಕಡಲು ಅವನಿಗೆ ದಾರಿ ಬಿಟ್ಟಿತ್ತಲ್ಲ. ಆದರೆ ಹಾಗೆ ಉಳಿಸಿದ್ದರೆ ನಮ್ಮ ಮದುವೆ ಇಲ್ಲ. ಇಲ್ಲವಾದರೆ ಇಲ್ಲ, ದೂರದಿಂದ ನೋಡಿಕೊಂಡೇ ಮುದುಕಿಯಾಗುತ್ತಿದ್ದೆ. ಹೀಗೆಲ್ಲ ಲೆಕ್ಕ ಹಾಕಿದರೂ ಒಂದು ಸಮಾಧಾನ ಉಳಿದಿತ್ತು. ಕಟ್ಟುವ ಮನಸ್ಸೇ ಇಲ್ಲದ ಹಡಗನ್ನು ಕಡಲು ಬಹುಶಃ ಒಪ್ಪುತ್ತಿರಲಿಲ್ಲ. ಪುಟ ಉಳಿಸಿದ್ದರೂ ಅದು ಅವನನ್ನು ತೋಯಿಸಿಯೇ ಬಿಡುತ್ತಿತ್ತು. ಆ ಸಮಾಧಾನದ ಮೇಲೆ ನಾನು ಒಂದೆರಡು ವರ್ಷ ಬದುಕಿದೆ.

ಮುಂದಿನ ಪರಿಷ್ಕರಣೆ ಬಂತು. ಕ್ಯಾಪ್ಟನ್ ಅವರಿಗೆ ಅದೇ ಕೊನೆಯದು. ನಾನು ಅವರ ಮುಂದೆ ಒಂದೇ ಸಾಲಿನ ಕಾಗದ ಇಟ್ಟೆ. ಒಂದು ಗಸ್ತು ಹಡಗು, ಹೆಸರು ಅರುಂಧತಿ, ಮುಂದಿನ ಅವಧಿಗೆ.

"ಇದನ್ನು ಯಾರು ಕಟ್ತಾರೆ?"

"ಯಾರೂ ಕಟ್ಟುದಿಲ್ಲ ಸರ್."

"ಕಟ್ಟದ ಹಡಗನ್ನು ಯೋಜನೆಯಲ್ಲಿ ಬರೆಯುದು ಹೇಗೆ?"

"ಸುಧನ್ವನನ್ನು ಅಷ್ಟು ವರ್ಷ ಹಾಗೇ ಬರೆದಿಟ್ಟಿದ್ರಿ ಅಲ್ವಾ ಸರ್."

ಅವರು ತಲೆಯೆತ್ತಿ ನೋಡಿದರು. ಆಮೇಲೆ ರುಜು ಹಾಕಿದರು.

ಆ ವಾರ ಊರಿನಲ್ಲಿ ಹುಟ್ಟಿದ್ದು ಒಂದೇ ಮಗು. ಅಂತೋನ್ ಮಾಮನ ಮಗಳು ಫಿಲೋಮಿನಾಳಿಗೆ ಹೆಣ್ಣು. ನಾನೂ ಭಾಗೀರಥಕ್ಕನೂ ನೋಡಲು ಹೋದೆವು. ಅಂತೋನ್ ಮಾಮ ಎದ್ದು ನಿಂತು, ಕಾಫಿ ಮಾಡಿಸಲು ಒಳಗೆ ಹೋದರು. ಅವರು ನಮ್ಮ ಮುಂದೆ ಯಾವಾಗಲೂ ಹಾಗೆಯೇ. ನಾನು ಫಿಲೋಮಿನಾಳಿಗೆ ಹೆಸರಿನ ಸಂಗತಿ ಹೇಳಿದೆ.

"ಹಡಗು ಬರ್ತದಾ ಅಕ್ಕ?" ಎಂದು ಕೇಳಿದಳು.

"ಇಲ್ಲ ಫಿಲ್ಲು. ಸುಳ್ಳು ಹೇಳುದಿಲ್ಲ. ಅದು ಬರುವಂಥದ್ದಲ್ಲ."

ಅವಳು ಮಗುವಿನ ಮುಖ ನೋಡುತ್ತಾ ಕೂತಳು. "ನೀರಲ್ಲಿ ಮುಳುಗ್ಲಿಕ್ಕಿಲ್ಲ ಅನ್ನುದು ಸರಿ. ಆದ್ರೆ ಜೀವಮಾನ ಇಡೀ ಒಬ್ಳೇ ಇರ್ಬೇಕಲ್ಲ ಇವಳು."

ಆಗ ಭಾಗೀರಥಕ್ಕ ಮಾತಾಡಿದರು. ಮಗ ಹೋದ ಮೇಲೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಯಾಕೆ ಒಬ್ಳೇ ಇರುದು? ಬೇಕಾದಾಗ ಮದುವೆ ಮಾಡು. ಕಡಲು ಬಂದು ಹೇಳಿತಾ ಮದುವೆ ಮಾಡ್ಬೇಡಿ ಅಂತ? ಅದು ನಾವು ಕಟ್ಟಿಕೊಂಡ ಕಟ್ಟು ಮಗಾ. ನಾವೇ ಬಿಚ್ಚಿದ್ರೆ ಯಾರು ಕೇಳ್ತಾರೆ?"

ಹೇಳಿ ಮುಗಿಸಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ತಿಳಿಯಿತು. ಕೈಯಲ್ಲಿದ್ದ ಮಗುವಿನ ಬಟ್ಟೆಯನ್ನು ಮಡಚತೊಡಗಿದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು. ನಾನು ಕಿಟಕಿಯ ಕಡೆ ತಿರುಗಿದೆ. ಹಿಂದೆಂದೂ ನಮ್ಮಿಬ್ಬರಲ್ಲಿ ಒಬ್ಬರಿಗೂ ಈ ಮಾತು ಹೊಳೆದಿರಲಿಲ್ಲ. ಅಷ್ಟು ವರ್ಷ, ಅವನು ಕಾಯುವಾಗ, ನಾನು ಕಾಯುವಾಗ, ಅವನ ಹಡಗು ಮೇಜಿನ ಮೇಲೆ ಬಣ್ಣವಿಲ್ಲದೆ ಇರುವಾಗ.

ಚರ್ಚಿನಲ್ಲಿ ಬೇರೆ ಹೆಸರಾಯಿತು, ಊರಿಗೆ ಅರುಂಧತಿ. ಬಾಣಂತನ ಕಳೆದ ಮೇಲೆ ಒಂದು ಬೆಳಿಗ್ಗೆ ಮಗುವನ್ನು ಕಡಲಿಗೆ ಕರೆದುಕೊಂಡು ಹೋದೆವು. ಸುದ್ದಿ ತಿಳಿದು ಅರ್ಧ ಊರು ಸೇರಿತ್ತು. ಒಪ್ಪಲಾರದು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಒಪ್ಪದಿರಲಿ ಎಂದು ಅದರ ಒಂದು ಮೂಲೆ ಬೇಡಿಕೊಳ್ಳುತ್ತಲೂ ಇತ್ತು. ಫಿಲೋಮಿನಾ ನೀರಿನ ಅಂಚಿಗೆ ಹೋಗಿ ಬಗ್ಗಿ ಮಗುವಿನ ಪುಟ್ಟ ಪಾದಗಳನ್ನು ಮರಳಿಗೆ ತಾಗಿಸಿದಳು. ಬರುತ್ತಿದ್ದ ತೆರೆ ಬಂದಲ್ಲಿಯೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಸರಿಯಿತು, ಹಿರಿಯರು ಬಂದಾಗ ಜಗಲಿಯಿಂದ ಏಳುವವರ ಹಾಗೆ.

ಊರೆಲ್ಲ ಕೇಕೆ ಹಾಕಿತು. ಚಿಪ್ಪಿನ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಂತೋನ್ ಮಾಮ ಮುಖ ಮುಚ್ಚಿಕೊಂಡು ಅತ್ತರು. ಕಾಗದದ ಒಂದು ಸಾಲೇ ಸುಧನ್ವನಿಗೂ ಸಾಕಾಗಿತ್ತು ಎಂಬುದು ನನ್ನನ್ನೂ ಭಾಗೀರಥಕ್ಕನನ್ನೂ ಬಿಟ್ಟು ಅಲ್ಲಿ ಯಾರಿಗೂ ಬೇಕಿರಲಿಲ್ಲ.

"ಅಕ್ಕ, ನೀವು ಎತ್ತಿಕೊಳ್ಳಿ" ಎಂದು ಫಿಲೋಮಿನಾ ಮಗುವನ್ನು ನನ್ನ ಕೈಗಿತ್ತಳು. ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು. ನಾನು ಅದನ್ನು ಎದೆಗೊತ್ತಿಕೊಂಡು ಮುಂದೆ ನಡೆದೆ. ನೀರು ಸರಿಯುತ್ತಾ ಹೋಯಿತು. ಮೊಣಕಾಲು ಮುಳುಗಬೇಕಾದಲ್ಲಿ ಮರಳು, ಎದೆ ಮುಳುಗಬೇಕಾದಲ್ಲಿ ಮರಳು. ಹಿಂದೆ ಜನರ ಗದ್ದಲ ಸಣ್ಣದಾಗುತ್ತಾ ಬಂತು. ಅಳಿವೆಯ ಕಡೆ ತಿರುಗಿ, ಸುಧನ್ವನನ್ನು ಮುಳುಗಿಸಿದ ಮೂರನೆಯ ತೆರೆ ಎದ್ದ ಜಾಗ ಯಾವುದೆಂದು ನೆನಪಿನಿಂದಲೇ ಅಂದಾಜು ಮಾಡಿಕೊಂಡು, ಅಲ್ಲಿಯವರೆಗೆ ಹೋದೆ. ಏನೂ ಇರಲಿಲ್ಲ. ಗೆರೆ ಗೆರೆ ಮರಳು, ಓಡುವ ಒಂದು ಏಡಿ, ಸುತ್ತ ಹಸಿರಾಗಿ ನಿಂತ ನೀರು. ದಡದಿಂದ ಅಷ್ಟೇನೂ ದೂರವಿರಲಿಲ್ಲ. ಯಾರಾದರೂ ನಡೆದು ಬರಬಹುದಾದ ಜಾಗ.

ಮಗು ಹಾಲಿಗೆ ಅಳತೊಡಗಿತು. ನಾನು ತಿರುಗಿ ದಡದ ಕಡೆ ನಡೆದೆ.